ಕೆಮ್ಮಲಾರದವನ ಕೆಮ್ಮು

ಸವದತ್ತಿ ತಾಲ್ಲೂಕಿನ ಸಿರಸಂಗಿಯಂಥ ಊರಿನಲ್ಲಿ ಮರದಿಂದಲೋ ಬಂಡಿಯಿಂದಲೋ ಬಿದ್ದು, ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವನು ಆಸ್ಪತ್ರೆಯಿಂದ ಮರಳಿದನೆಂದರೆ ಗಂಡಾಂತರ ಕಳೆಯಿತೆಂದೇ ಮನೆಯವರ ಭಾವನೆ. ಎಲ್ಲರಿಗೂ ಕೈಕಾಲುಗಳದೇ ಚಿಂತೆ. ಆದರೆ ಇಂಥವರ ಸಾವಿನ ಮುಖ್ಯ ಕಾರಣಗಳಲ್ಲಿ ನ್ಯುಮೋನಿಯಾ ಒಂದು.

ಕುತ್ತಿಗೆಯ 3ರಿಂದ 5ನೆಯ ನರಗಳು ವಪೆಯನ್ನು ಆಡಿಸುತ್ತವೆ. ಪೆಟ್ಟು ಅವಕ್ಕಿಂತ ಕೆಳಗಿದ್ದರೆ ಉಸಿರೇನೋ ನಡೆಯುತ್ತದೆ. ಕೆಮ್ಮಿಗೆ ಬಲ ನೀಡುವ ಹೊಟ್ಟೆಯ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮಾತ್ರ ಸೋತಿರುತ್ತವೆ. ಕಫ ಒಳಗೇ ನಿಂತು ರೋಗಾಣುಗಳಿಗೆ ನೆಲೆಯಾಗುತ್ತದೆ. ಆರೋಗ್ಯವಂತನು ಪೀಡೆಯೆಂದು ಬೈಯುವ ಕೆಮ್ಮು ಎಂಥ ಕಾವಲೆಂಬುದನ್ನು ಅದನ್ನು ಕಳೆದುಕೊಂಡವನೇ ಬಲ್ಲ.

ಇಲ್ಲಿ ಮರುಕವೇ ಮುಳುವಾಗುವುದುಂಟು. 'ಪಾಪ, ಮಲಗಿದ್ದಾನೆ, ಅಲುಗಿಸಬೇಡಿ' ಎನ್ನುವುದು ಅಹಿಂಸೆಯಂತೆ ತೋರುತ್ತದೆ, ಪರಿಣಾಮ ಬೇರೆಯೇ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಇಂಥವರ ಆರೈಕೆಗೆ ತೊಡಗಿದ ವೈದ್ಯ ಲುಡ್ವಿಗ್ ಗುಟ್‌ಮನ್, ಹಾಸಿಗೆಹುಣ್ಣು ತಡೆಯಲು, ನಡುರಾತ್ರಿಯೂ ಬಿಡದೆ 2 ತಾಸಿಗೊಮ್ಮೆ ರೋಗಿಗಳ ಮಗ್ಗುಲು ಬದಲಿಸಿಸಿದರು. ಕಫ ಒಂದೆಡೆ ನಿಲ್ಲದಿರಲೂ ಅದು ಬೇಕು. ಕೆಮ್ಮನ್ನಂತೂ ಮತ್ತೊಬ್ಬರು ಕೊಡಬೇಕು: ರೋಗಿಯು ಉಸಿರು ತುಂಬಿಕೊಂಡು ಕೆಮ್ಮಲೆತ್ನಿಸುವ ಕ್ಷಣದಲ್ಲೇ ಪಕ್ಕೆಲುಬಿನ ಕೆಳಗೆ ಅಂಗೈಯಿಟ್ಟು ಒಳಕ್ಕೂ ಮೇಲಕ್ಕೂ ಒತ್ತುವುದು. ವೈದ್ಯರ ಒಪ್ಪಿಗೆ ಪಡೆದು ಫಿಜಿಯೋಥೆರಪಿಸ್ಟರಿಂದ ಕಲಿತರೆ ಮನೆಯವರೇ ಮಾಡಬಲ್ಲರು. ಮಲಗಿಸಿ ಉಣಿಸಬಾರದು. ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆಗಳ ಬಗ್ಗೆ ಕೇಳಿಕೊಳ್ಳಬೇಕು.

ಕಫದ ಬಣ್ಣ ಬದಲಾದರೆ, ಉಸಿರು ವೇಗವಾದರೆ, ಜ್ವರವಿಲ್ಲದಿದ್ದರೂ ಬೆಳಗಾಗಲೆಂದು ಕಾಯಬಾರದು. ಸಿರಸಂಗಿಯಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗಳು ಹತ್ತಿರವಿಲ್ಲ.