ಲಿಪಿಕಾರನ ತಪ್ಪು

ಮಾತಾಡಿದರೆ ತಾನೇ ಬರೆದುಕೊಳ್ಳುವ ವಿದ್ಯೆ ನಮ್ಮ ಮನೆಯ ಕಂಪ್ಯೂಟರಿಗೆ ಹತ್ತಿದ ಮೇಲೆ ಮನೆಯಲ್ಲಿ ಎರಡು ಕನ್ನಡ ಆಗಿವೆ. ಒಂದು ಅಡುಗೆಮನೆ, ಪಡಸಾಲೆ, ಹೊರಗಿನ ಕಟ್ಟೆಯ ಮೇಲೆ ನಡೆಯುವುದು. ಇನ್ನೊಂದು ಮೈಕಿನ ಮುಂದೆ ನಡೆಯುವುದು. ಮೈಕಿನ ಮುಂದೆ ಕೂತ ಕೂಡಲೇ ನನ್ನ ಬೆನ್ನು ನೆಟ್ಟಗಾಗುತ್ತದೆ. ‘ಐತಿ’ ಹೋಗಿ ‘ಇದೆ’ ಬರುತ್ತದೆ, ‘ಹೊಂಟೀನಿ’ ಹೋಗಿ ‘ಹೊರಟಿದ್ದೇನೆ’ ಬರುತ್ತದೆ. ಒಳಗಿನಿಂದ ಹೆಂಡತಿ ಕೇಳುತ್ತಾಳೆ: “ಯಾಕ್ರೀ, ವಾರ್ತಾ ಓದಾಕತ್ತೀರೇನು?”

ಓದದೆ ವಿಧಿಯಿಲ್ಲ. ಸಿಂಧನೂರಿನಲ್ಲಿ ಕೂತು ಸಿಂಧನೂರಿನವರ ಹಾಗೆ ಮಾತಾಡಿದರೆ ಈ ಯಂತ್ರಕ್ಕೆ ತಿಳಿಯುವುದಿಲ್ಲ. ಊರ ಹೆಸರಿನಿಂದಲೇ ತಕರಾರು ಶುರು. ‘ಸಿಂಧನೂರು’ ಎಂದು ನಡುವೆ ತುಸು ಉಸಿರು ತಗೊಂಡು ಹೇಳಿದರೆ ‘ಸಿಂಧ 100’ ಎಂದು ಮೂಡುತ್ತದೆ. ಮಸ್ಕಿಗೆ ಹೋಗಿದ್ದೆ ಅಂದರೆ ಮಾಸ್ಕಿಗೆ ಹೋಗಿರುತ್ತೇನೆ. ಲಿಂಗಸುಗೂರನ್ನು ನಾವು ಬಾಯಲ್ಲಿ ಲಿಂಗಸ್ಗೂರು ಅನ್ನುವವರು. ಯಂತ್ರ ಲಿಂಗವನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಸ್ಕೂಲು ಮಾಡಿತು. ‘ಗದ್ದ್ಯಾಗ ನೀರ್ ನಿಂತಾವ’ ಎಂದದ್ದಕ್ಕೆ ‘ಗದ್ಯದಲ್ಲಿ ನೀರು ನಿಂತಿದೆ’ ಎಂದು ಬರೆಯಿತು. ನನ್ನ ಗದ್ಯ ಓದಿದ ಒಂದಿಬ್ಬರು ಗೆಳೆಯರು ಇದನ್ನು ತಪ್ಪು ಎಂದು ಒಪ್ಪಲೇ ಇಲ್ಲ.

ಇದು ಕಿವಿಯ ದೋಷವಲ್ಲ, ಓದಿನ ದೋಷ. ಯಂತ್ರ ನಮ್ಮ ದನಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಣ್ಣ ಚೂರುಗಳಾಗಿ ಕತ್ತರಿಸಿ, ಪ್ರತಿ ಚೂರಿನಲ್ಲೂ ಯಾವ ಉಚ್ಚಾರವಿದ್ದೀತು ಎಂದು ಅಂದಾಜು ಮಾಡುತ್ತದೆ. ಆ ಅಂದಾಜು ಸಾಕಾಗುವುದಿಲ್ಲವಾದ್ದರಿಂದ, ಈ ಪದದ ಹಿಂದೆ ಯಾವ ಪದ ಬರುವುದು ವಾಡಿಕೆ ಎಂಬ ಲೆಕ್ಕವನ್ನೂ ಹಾಕುತ್ತದೆ. ವಾಡಿಕೆಯನ್ನು ಅದು ಕಲಿತದ್ದು ಪತ್ರಿಕೆ, ಪುಸ್ತಕ, ಸುದ್ದಿ ಇವುಗಳಿಂದ. ನಮ್ಮ ಕಡೆಯ ಮಾತು ಅಚ್ಚಾದದ್ದು ಎಷ್ಟು? ಹಾಗಾಗಿ ‘ಗದ್ದ್ಯಾಗ’ ಎಂಬುದು ಕಿವಿಗೆ ಬಿದ್ದರೂ ತಾನು ಓದಿದ್ದರಲ್ಲಿ ಅದಕ್ಕೆ ಹತ್ತಿರದ ಪದವನ್ನು ಹುಡುಕಿ ಇಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಒಂದು ತಮಾಷೆಯೂ ಉಂಟು. ವಾಕ್ಯ ಮುಗಿಯುವ ತನಕ ಪರದೆಯ ಮೇಲಿನ ಪದಗಳು ನಿಂತಲ್ಲಿ ನಿಲ್ಲುವುದಿಲ್ಲ. ಕ್ರಿಯಾಪದ ಬಂದ ಮೇಲೆ ಯಂತ್ರಕ್ಕೆ ಜ್ಞಾನೋದಯವಾಗಿ ಹಿಂದಿನದನ್ನೆಲ್ಲ ತಿದ್ದಿಕೊಳ್ಳುತ್ತದೆ, ಕೆಲವೊಮ್ಮೆ ಸರಿಯಿದ್ದದ್ದನ್ನೂ.

ಇಂಗ್ಲಿಷಿಗೆ ಈ ಸುಖ ಬೇಗ ಸಿಕ್ಕಿತು. ಅಮೆರಿಕದ ಜೇಮ್ಸ್ ಬೇಕರ್, ಜಾನೆಟ್ ಬೇಕರ್ ದಂಪತಿ ಕಟ್ಟಿದ ಕಂಪನಿಯ ‘ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್’ 1997ರಲ್ಲಿ ಬಂತು. ಐಬಿಎಂನ ‘ವಯಾವಾಯ್ಸ್’ ಕೂಡ ಅದೇ ವರ್ಷದ್ದು. ಅದಕ್ಕೂ ಮುಂಚಿನವು ಪದಪದಕ್ಕೂ ನಿಲ್ಲಿಸಿ ನಿಲ್ಲಿಸಿ ಹೇಳಬೇಕಾದವು. ಡ್ರ್ಯಾಗನ್ನಿಗೂ ಶುರುವಿನಲ್ಲಿ ಕೊಟ್ಟ ಪಾಠವನ್ನು ಗಟ್ಟಿಯಾಗಿ ಓದಿ ತೋರಿಸಿ, ನಮ್ಮ ದನಿಯ ಪರಿಚಯ ಮಾಡಿಕೊಡಬೇಕಿತ್ತು. ಕನ್ನಡದ ಸರದಿ ಬರಲು ಇಪ್ಪತ್ತು ವರ್ಷ ಹಿಡಿಯಿತು. 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗಿಗೆ 30 ಭಾಷೆಗಳನ್ನು ಸೇರಿಸಿದಾಗ ತೆಲುಗು, ಉರ್ದು, ಬಂಗಾಳಿ ಮುಂತಾದವುಗಳ ಜೊತೆ ಕನ್ನಡವೂ ಸೇರಿತು. ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುತ್ತ ಬೆರಳು ಸವೆಸಿದ ನನ್ನಂಥವರಿಗೆ ಅದು ಸಣ್ಣ ಸಂಗತಿಯಲ್ಲ. ಈಗ ನನ್ನ ಮನೆಯಲ್ಲಿರುವುದು ಯಾರ ತಂತ್ರಾಂಶ ಎಂಬುದನ್ನು ಬಿಡೋಣ.

ತೆಲುಗು, ಉರ್ದು, ಬಂಗಾಳಿ ಎಂದೆ. ಆ ಮೂರೂ ನಮ್ಮ ಊರಿನ ಭಾಷೆಗಳೇ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳಿಗೆ ಸರ್ಕಾರ ಆರ್.ಎಚ್. ಎಂಬ ಪುನರ್ವಸತಿ ಕ್ಯಾಂಪುಗಳನ್ನು ಮಾಡಿಕೊಟ್ಟಿತು. ಉರ್ದುವಂತೂ ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆಯೇ ಆಗಿತ್ತು. ಯಂತ್ರ ಶುರುವಿನಲ್ಲೇ ಕೇಳುತ್ತದೆ: ನಿಮ್ಮ ಭಾಷೆ ಯಾವುದು, ಒಂದನ್ನು ಆರಿಸಿ. ನಮ್ಮ ಸಂತೆಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹುಟ್ಟಿ, ಉರ್ದುವಿನಲ್ಲಿ ಚೌಕಾಸಿ ಮಾಡಿ, ತೆಲುಗಿನಲ್ಲಿ ಮುಗಿಯುತ್ತದೆ. ಯಾವುದನ್ನು ಆರಿಸುವುದು? ಕ್ಯಾಂಪಿನ ಪರಿಚಯದವರೊಬ್ಬರು ನಮ್ಮ ಮನೆಗೆ ಬಂದು ಕಾಲುವೆ ಬಗ್ಗೆ ಒಂದು ಅರ್ಜಿ ಹೇಳಿದರು. ಅವರ ಕನ್ನಡ ನನಗೆ ಪೂರ್ತಿ ತಿಳಿಯಿತು. ಯಂತ್ರ ಅರ್ಧ ಬರೆದು ಸುಮ್ಮನೆ ಕೂತಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಕೆಲಸಕ್ಕಿರುವ ನನ್ನ ಅಳಿಯ ‘ಶಾಫ್ಟಿಗೆ ಇಳಿದೆ’ ಎಂದರೆ ‘ಶಿಫ್ಟಿಗೆ ಇಳಿದೆ’ ಎಂದು ಬರೆದದ್ದು ಮಾತ್ರ ಅವನಿಗೆ ಹಿಡಿಸಿತು. “ಎರಡೂ ಖರೇನ ಅದಾವ ಬಿಡ್ರಿ ಮಾವ” ಅಂದ.

ಇಷ್ಟೆಲ್ಲ ದೂರಿದರೂ ಅರ್ಜಿಗೆ ಈ ಯಂತ್ರ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ನೋಡಿ, ಒಂದು ಅಕ್ಷರ ತಪ್ಪುವುದಿಲ್ಲ. ಮನುಷ್ಯರು ಯಾರೂ ಹೀಗೆ ಮಾತಾಡುವುದಿಲ್ಲವೆಂಬುದು ಅದಕ್ಕೆ ಗೊತ್ತಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಓಣಿಯಲ್ಲಿ ಮಾತೆಲ್ಲ ಅದರದ್ದೇ. ಕಾಲುವೆಯ ಕೊನೆಯ ಭಾಗದ ಹೊಲದವರೊಬ್ಬರು “ನೆಲ್ಲು ಹಚ್ಚಬೇಕೋ ಬ್ಯಾಡೋ ಹೇಳ್ರಿ ಅಂತ ಬರೀರಿ” ಎಂದು ಬಂದರು. ಗೇಟು, ಕ್ಯೂಸೆಕ್, ಟಿಎಂಸಿ ಎಲ್ಲವನ್ನೂ ಯಂತ್ರ ಸರಿಯಾಗಿ ಬರೆಯಿತು. ಎಡವಿದ್ದು ‘ನೆಲ್ಲು’ ಎಂಬಲ್ಲಿ. ಅದನ್ನು ‘ನಿಲ್ಲು’ ಮಾಡಿತು. ಇನ್ನು ‘ಪೂರ್ಣವಿರಾಮ’ ಎಂದರೆ ಚುಕ್ಕಿ ಇಡದೆ ಆ ಪದವನ್ನೇ ಬರೆಯುವುದರಿಂದ ‘ನೀರು ಬಂದಿಲ್ಲ ಪೂರ್ಣವಿರಾಮ’ ಎಂದಾಯಿತು. ಅದನ್ನು ಮಾತ್ರ ಹಾಗೇ ಬಿಡಿ ಎಂದು ಹೊಲದವರು ಹೇಳಿದ್ದು ಸುಳ್ಳಲ್ಲ.

ತಹಶೀಲ್ ಕಚೇರಿಯ ಮುಂದಿನ ಬೇವಿನ ಮರದಡಿ ಅರ್ಜಿ ಬರೆದುಕೊಡುವವರನ್ನು ನೋಡಿದವರಿಗೆ ಒಂದು ವ್ಯತ್ಯಾಸ ಗೊತ್ತಾಗುತ್ತದೆ. ಬಂದವರು ಅಣ್ಣತಮ್ಮರ ಜಗಳ, ಬದುವಿನ ಕಲ್ಲು, ತೀರಿಹೋದ ತಾಯಿಯ ಮಾತು ಎಲ್ಲವನ್ನೂ ಹೇಳಿ ಅಳುತ್ತಾರೆ, ಬೈಯುತ್ತಾರೆ. ಅರ್ಜಿಯವರು ತಲೆಯಾಡಿಸುತ್ತ ಕೇಳಿ ಬರೆಯುವುದು ನಾಲ್ಕೇ ಸಾಲು: ಸರ್ವೆ ನಂಬರು, ಎಕರೆ, ಗುಂಟೆ, ಬೇಡಿಕೆ. ಯಂತ್ರಕ್ಕೆ ಆ ವಿವೇಕವಿಲ್ಲ. ಬೈಗುಳವೂ ಬರುತ್ತದೆ, ಕೆಮ್ಮೂ ಯಾವುದೋ ಪದವಾಗಿ ಬರುತ್ತದೆ. ಬೀದಿಯಲ್ಲಿ ಮೈಕು ಹಾಕಿಕೊಂಡು ಹೋದ ಟಂಟಂ ಗಾಡಿಯ ಉಳ್ಳಾಗಡ್ಡಿ ದರ ನನ್ನ ಶ್ರದ್ಧಾಂಜಲಿ ಲೇಖನದ ನಡುವೆ ಸೇರಿ ಕೂತದ್ದುಂಟು. ಅದರ ಉಚ್ಚಾರ ನನ್ನದಕ್ಕಿಂತ ಸ್ಪಷ್ಟವಾಗಿದ್ದಿರಬೇಕು, ಒಂದು ಕಾಗುಣಿತವೂ ತಪ್ಪಿರಲಿಲ್ಲ.

ಹೇಳಿ ಬರೆಸುವ ಮಾತು ಬಂದಾಗ ವ್ಯಾಸ, ಗಣಪತಿಯರನ್ನು ಕರೆಯುವುದು ರೂಢಿ. ನಮ್ಮ ಸೀಮೆಯವರಿಗೆ ಅಷ್ಟು ದೂರ ಹೋಗುವ ಕಾರಣವಿಲ್ಲ, ಮಸ್ಕಿಯ ಗುಡ್ಡವಿದೆ. ಅಲ್ಲಿನ ಬಂಡೆ ಶಾಸನ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೊರೆಯ ಬಿರುದು ಮಾತ್ರ ಇತ್ತು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಇಲ್ಲಿ. ದೊರೆ ಬಂದು ಬಂಡೆ ಕೆತ್ತಿದನೇ? ಅವನು ಹೇಳಿದ, ಯಾರೋ ಬರೆದರು, ಇನ್ಯಾರೋ ಒಯ್ದರು, ಮತ್ಯಾರೋ ಕಲ್ಲಿಗೆ ಇಳಿಸಿದರು. ಆಜ್ಞೆ ಪ್ರಾಕೃತದಲ್ಲಿ, ಸುತ್ತಲಿನ ಹಳ್ಳಿಯವರು ಆಗ ಆಡುತ್ತಿದ್ದದ್ದು ಬಹುಶಃ ಬೇರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಬರೆದವನ ಹೆಸರೂ ಇದೆ, ಚಪಡ ಅಂತ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓದುವ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದ. ದೊರೆಯ ಮಾತಿನ ಕೊನೆಗೆ ತನ್ನೊಂದು ಗತ್ತು.

ದೊರೆಗೂ ಈ ಲಿಪಿಕಾರರ ಸಂಗತಿ ಗೊತ್ತಿತ್ತು. ತನ್ನ 14ನೇ ಬಂಡೆ ಶಾಸನದಲ್ಲಿ, ಇದರಲ್ಲಿ ಎಲ್ಲಾದರೂ ಅರೆಕೊರೆಯಾಗಿದ್ದರೆ ಅದು ಲಿಪಿಕಾರನ ತಪ್ಪಿನಿಂದಲೂ ಆಗಿರಬಹುದು ಎಂದು ಹೇಳಿಸಿದ್ದಾನೆ. ಅದರ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಲಿಪಿಕಾರ ತನ್ನ ಮೇಲಿನ ಆ ದೂರನ್ನು ತಾನೇ ಬರೆದುಕೊಂಡನಲ್ಲ, ಅದು ನನಗೆ ಬಹಳ ಇಷ್ಟ.

ನಮ್ಮ ದೊಡ್ಡವ್ವನನ್ನು ಮೈಕಿನ ಮುಂದೆ ಕೂಡಿಸಿದ್ದು ಕುತೂಹಲಕ್ಕೆ. ಓದು ಬರಹ ಬಾರದವಳು, ಹಾಡು, ಒಗಟು, ಗಾದೆ ಬೇಕಾದಷ್ಟು ಬಲ್ಲವಳು. ಬರೆದದ್ದನ್ನು ನಾನು ಓದಿ ಹೇಳಿದೆ. ಅವಳು ಕೇಳಿ, “ಇದು ನಾ ಅಂದದ್ದಲ್ಲಪ್ಪ. ಹಿಂದ ನಮ್ಮೂರ ಪಟವಾರಿನೂ ಹಿಂಗ, ನಾವೊಂದು ಹೇಳಿದ್ರ ತಾನೊಂದು ಬರ್ಕೊಂತಿದ್ದ” ಎಂದಳು. ಈ ಯಂತ್ರದ ಬಗ್ಗೆ ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಪಟವಾರಿಯನ್ನು ತಿದ್ದಲು ಆಗಲಿಲ್ಲ, ಇದನ್ನು ತಿದ್ದಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್, ಗೂಗಲ್ ಜೊತೆಗೂಡಿ ‘ವಾಣಿ’ ಎಂಬ ಯೋಜನೆ ನಡೆಸುತ್ತಿವೆ. ಜಿಲ್ಲೆ ಜಿಲ್ಲೆಗೆ ಹೋಗಿ, ಜನರಿಗೆ ಒಂದು ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದು ದನಿ ಮುದ್ರಿಸಿಕೊಳ್ಳುತ್ತಾರೆ. ಹಾಗೆ ದನಿ ಸಂಗ್ರಹಿಸಿದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಇದೆ. ಅದೇ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಒಳನುಡಿಗಳಲ್ಲಿ ಬೇಸಾಯ, ಹಣಕಾಸಿನ ಮಾತನ್ನು ಯಂತ್ರಕ್ಕೆ ತಿಳಿಸುವ ಕೆಲಸ ಮಾಡಿದೆ. ಪುಸ್ತಕದ ಸಾಲು ಓದಿಸುವುದಕ್ಕಿಂತ ಚಿತ್ರ ತೋರಿಸಿ ಮಾತಾಡಿಸುವುದು ಜಾಣತನ. ಓದುವಾಗ ಎಲ್ಲರೂ ಮೇಷ್ಟ್ರಾಗುತ್ತಾರೆ.

ಮೊಬೈಲ್ ಹಿಡಿದು ಯಾರಾದರೂ ಇಂಥ ಕೆಲಸಕ್ಕೆ ನಿಮ್ಮೂರಿಗೆ ಬಂದರೆ ಕಾಲೇಜು ಹುಡುಗರನ್ನಷ್ಟೇ ಮುಂದೆ ಮಾಡಬೇಡಿ. ಯಾರು, ಯಾತಕ್ಕೆ ಎಂದು ಮೊದಲು ವಿಚಾರಿಸಿಕೊಳ್ಳಿ, ಅದು ನಿಮ್ಮ ಹಕ್ಕು. ಆಮೇಲೆ ಮನೆಯ ಹಿರಿಯ ಹೆಣ್ಣುಮಕ್ಕಳನ್ನು, ಕುರಿ ಕಾಯುವವರನ್ನು, ನಾಟಿಗೆ ಹೋಗುವವರನ್ನು ಕರೆದು ಕೂಡಿಸಿ, ಮನ್ಯಾಗ ಮಾತಾಡಿದಂಗ ಮಾತಾಡ್ರಿ ಅಂತ ಹೇಳಿ.