ರಾಮಾಪುರದಲ್ಲಿ ಗಂಡು ಹುಡುಕಿದ್ದು

ಆ ವರ್ಷ ಚಾಮರಾಜನಗರ ಜಿಲ್ಲೆಯ ರಾಮಾಪುರದ ಕಡೆ ಹಿಂಗಾರು ಚೆನ್ನಾಗಿ ಹಿಡಿದಿತ್ತು. ಹೊಲದಲ್ಲಿ ರಾಗಿ ತೆನೆ ಬಿಡುತ್ತಿದ್ದ ಹೊತ್ತು. ನಮ್ಮಕ್ಕನ ಮಗಳು ಮೈಸೂರಿನಿಂದ ಬಂದು, ಬೆನ್ನಿಗೊಂದು ಚೀಲ, ಕೈಲೊಂದು ಜರಡಿ ಹಿಡಿದು ಬಸ್ಸಿಳಿದಳು. ಪ್ರಾಣಿಶಾಸ್ತ್ರ ಓದುವ ಹುಡುಗಿ. ಬಂದವಳೇ, "ಮಾವ, ನಿಮ್ಮೂರ ತೋಪಿನ ತರಗು ಬೇಕು" ಅಂದಳು. "ಒಲೆಗಾ?" ಅಂದೆ. "ಹುಳಕ್ಕೆ" ಅಂದಳು.

ಮಳೆ ಬಿದ್ದ ಮಾರನೇ ದಿನ ಗೋಡೆ ಹತ್ತಿ ಬರುವ ರೈಲುಹುಳ ಎಲ್ಲರಿಗೂ ಗೊತ್ತು. ಮುಟ್ಟಿದರೆ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುತ್ತದಲ್ಲ, ಅದೇ ಸಹಸ್ರಪದಿ. ಜರಿಯ ಹಾಗೆ ಕಚ್ಚುವ ಜಾತಿಯಲ್ಲ, ಕೊಳೆತ ಎಲೆ ತಿಂದು ಮಣ್ಣು ಮಾಡಿಕೊಂಡಿರುವ ಸಾಧು. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ಸಹಸ್ರಪದಿ ಜಾತಿಗಳೇ ಸುಮಾರು 12,000. ಆದರೆ ನಮ್ಮ ಹುಡುಗಿಗೆ ಬೇಕಾಗಿದ್ದದ್ದು ಐದಾರು ಮಿಲಿಮೀಟರ್ ಮೀರದ ಒಂದು ಗುಂಪಿನ ಹುಳ.

ಪಕ್ಕದ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಒಂದು ಇರುವೆಯನ್ನೂ ಎತ್ತುವಂತಿಲ್ಲ. ಹಾಗಾಗಿ ಊರಾಚೆಯ ಹೊಂಗೆ ತೋಪಿಗೆ ಹೋದೆವು. ತರಗನ್ನು ಜರಡಿ ಹಿಡಿದು, ಕೆಳಗೆ ಬಿದ್ದ ಪುಡಿಯನ್ನು ಬಿಳೀ ತಟ್ಟೆಗೆ ಸುರಿದು, ಸುಮ್ಮನೆ ಕೂರಿಸಿದಳು. ಎಷ್ಟೋ ಹೊತ್ತಿನ ಮೇಲೆ ಮಣ್ಣಿನ ಒಂದು ಹರಳು ನಡೆಯಲು ಶುರುಮಾಡಿತು. ಮಸೂರದಡಿ ನೋಡಿದೆ. ಬೆನ್ನ ತುಂಬ ಸಾಲು ಸಾಲು ಗುಬುಟು, ಅದರ ಮೇಲೆಲ್ಲ ಮಣ್ಣು ಮೆತ್ತಿದೆ. ಕುತ್ತಿಗೆಯ ಮೇಲಿನ ತಟ್ಟೆ ಮುಂದಕ್ಕೆ ಚಾಚಿ ತಲೆಯನ್ನೇ ಮುಚ್ಚಿಬಿಟ್ಟಿದೆ. ಕಣ್ಣೇ ಇಲ್ಲ. ಎರಡು ಕುಡಿಮೀಸೆಯಲ್ಲಿ ನೆಲ ತಟ್ಟಿ ತಟ್ಟಿ ದಾರಿ ನೋಡಿಕೊಳ್ಳುತ್ತಿತ್ತು.

"ಸಿಕ್ಕಿತಲ್ಲ, ಹೆಸರು ಬರಕೊ" ಅಂದೆ. ಅಷ್ಟು ಸಲೀಸಲ್ಲವಂತೆ. ಮೊದಲು ಮೈಯ ಉಂಗುರ ಎಣಿಸಬೇಕು. ಈ ಗುಂಪಿನಲ್ಲಿ ಬೆಳೆದದ್ದಕ್ಕೆ ಸಾಮಾನ್ಯವಾಗಿ ಹತ್ತೊಂಬತ್ತೋ ಇಪ್ಪತ್ತೋ ಇರುತ್ತವೆ. ಮೊಟ್ಟೆಯೊಡೆದು ಬರುವಾಗ ಮೂರೇ ಜೊತೆ ಕಾಲು. ಪ್ರತಿ ಸಲ ಪೊರೆ ಬಿಟ್ಟಾಗಲೂ ಉಂಗುರವೂ ಕಾಲೂ ಹೆಚ್ಚುತ್ತ ಹೋಗುತ್ತವೆ. ಎಣಿಕೆ ಕಡಿಮೆ ಬಂದರೆ ಅದಿನ್ನೂ ಮರಿ, ಹೆಸರು ಹಿಡಿಯಲಾಗದು. ಹೆಣ್ಣಾದರೂ ಕಷ್ಟವೇ, ಜಾತಿ ಬೇರೆಯಾದರೂ ರೂಪ ಒಂದೇ. ಗಂಡಿನಲ್ಲಿ ಮಾತ್ರ ಏಳನೇ ಉಂಗುರದ ಮುಂದಿನ ಜೊತೆ, ಅಂದರೆ ಎಂಟನೇ ಜೊತೆ ಕಾಲು, ಕೂಡುವ ಅಂಗವಾಗಿ ಮಾರ್ಪಟ್ಟಿರುತ್ತದೆ. ಅದರ ಕೊಕ್ಕೆ, ಕವಲು, ಮುಳ್ಳು ಜಾತಿಯಿಂದ ಜಾತಿಗೆ ಬೇರೆ. ಅದೇ ಅದರ ರುಜು. ನಮಗೆ ಸಿಕ್ಕಿದ್ದೆಲ್ಲ ಹೆಣ್ಣು, ಇಲ್ಲವೇ ಮರಿ.

ಕತ್ತಲಾದ ಮೇಲೆ ತಲೆಗೆ ಟಾರ್ಚು ಕಟ್ಟಿಕೊಂಡು ಮತ್ತೆ ಹೋದೆವು. ರಾಮಾಪುರದಲ್ಲಿ ಇರುಳು ಟಾರ್ಚು ಆಡಿದರೆ ಹಳಬರು ಸುಮ್ಮನಿರುವವರಲ್ಲ. 1992ರ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್ ಕಡೆಯವರು ಇಲ್ಲಿನ ಪೊಲೀಸ್ ಠಾಣೆಗೇ ನುಗ್ಗಿ ಐವರು ಪೊಲೀಸರನ್ನು ಕೊಂದಿದ್ದರು. ಕೋಲೂರಿಕೊಂಡು ಒಬ್ಬ ಯಜಮಾನರು ಬಂದೇಬಿಟ್ಟರು, ಹಿಂದೆ ಇಬ್ಬರು ಹುಡುಗರು.

"ಯಾರಪ್ಪ ಅದು? ಏನ ಹುಡುಕ್ತಿದ್ದರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು ತಟ್ಟೆಯಿಂದ ತಲೆ ಎತ್ತದೆಯೇ, "ಗಂಡು ಹುಡುಕ್ತಾ ಇದೀವಿ ತಾತ" ಅಂದಳು.

ಯಜಮಾನರು ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡಿದರು. "ಗಂಡು ಬೇಕಾದ್ರ ಹಗಲೊತ್ತಲ್ಲಿ ಬಂದು ಮನ ಮುಂದ ಕೇಳ್ಬೇಕು ಕನವ್ವ. ಕತ್ತಲಲ್ಲಿ ತರಗ ಕೆದಕುದ್ರ ಸಿಕ್ಕದಾ?"

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ವಿಷಯ ತಿಳಿದ ಮೇಲೆ ಅವರೂ ಕುಕ್ಕರಗಾಲಲ್ಲಿ ಕೂತರು. ಹುಡುಗಿ ಹುಳ ಸಿಕ್ಕ ಜಾಗಗಳನ್ನು ತಾನೇ ಗುರುತು ಮಾಡಿಕೊಂಡಿದ್ದ ನಕ್ಷೆ ಬಿಚ್ಚಿದಳು. ಬಿಳಿಗಿರಿರಂಗನ ಬೆಟ್ಟದ ಕಡೆ ಚುಕ್ಕೆಗಳು, ಹನೂರು ದಾಟಿ ಇತ್ತ ಬಂದರೆ ಬರೀ ಬಿಳೀ ಕಾಗದ. "ಹಂಗಾರ ಇತ್ತ ಕಡ ಆ ಹುಳ ಇಲ್ವಾ?" ಅಂತ ಒಬ್ಬ ಹುಡುಗ ಕೇಳಿದ. ಅವಳಿಗಿಂತ ಮೊದಲು ಯಜಮಾನರೇ ಉತ್ತರ ಕೊಟ್ಟರು: "ಆ ಕಾಲದಲ್ಲಿ ಸೌದೆಗೇ ಕಾಡಿಗ ಹೋಗಕ್ಕ ಆಗ್ತಿರ್ಲಿಲ್ಲ. ಹುಳ ನೋಡಕ್ಕ ಯಾರ್ಲಾ ಬಂದರು?"

ಆ ಮಾತಿಗೆ ಅವಳು ಪೆನ್ಸಿಲು ಕೆಳಗಿಟ್ಟಳು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯುವವರೆಗೆ ಈ ಕಾಡುಗಳಲ್ಲಿ ಕಲ್ಲು ಮಗುಚಿ ನೋಡುವ ಧೈರ್ಯ ಯಾರಿಗಿತ್ತು? ಆದರೂ ಬೆಟ್ಟದ ಆ ಜಾತಿ ಇಲ್ಲಿ ನಿಜವಾಗಿಯೇ ಇಲ್ಲದಿರಬಹುದು ಅಂತಲೂ ಹೇಳಿದಳು. ಸಹಸ್ರಪದಿಯ ಮೈಯ ನೀರು ಬೇಗ ಆರುತ್ತದೆ, ನಡಿಗೆ ನಿಧಾನ, ರೆಕ್ಕೆಯಿಲ್ಲ. ಒಂದು ಒಣ ಬಯಲು ಅಡ್ಡ ಬಂದರೂ ಸಾಕು, ಆಚೆಯದು ಆಚೆ, ಈಚೆಯದು ಈಚೆ. ಬೆಟ್ಟದ ಮೇಲಿನ ತೇವದ ಕಾಡಿನ ಜಾತಿಯೇ ನಮ್ಮ ಒಣಸೀಮೆಗೂ ಇಳಿದಿದೆಯೋ, ಇಲ್ಲಿಯದು ಬೇರೆಯೋ ಅನ್ನುವುದು ಗಂಡು ಸಿಕ್ಕರೆ ತಾನೆ ಗೊತ್ತಾಗುವುದು.

ಕೊನೆಗೆ ಸಿಕ್ಕಿದ್ದು ಯಜಮಾನರ ಕೋಲಿಗೇ. ಕೊಳೆತ ದಿಮ್ಮಿಯೊಂದನ್ನು ಮೀಟಿ ಉರುಳಿಸಿದರು, ಅಡಿಯಲ್ಲಿ ನಾಲ್ಕಾರು ಅಂಟಿಕೊಂಡಿದ್ದವು. ಒಂದರ ಏಳನೇ ಉಂಗುರದಲ್ಲಿ ಕಾಲಿನ ಸಾಲು ತುಂಡಾದಂತೆ ಕಂಡಿತು. ಅವಳು ಅದನ್ನು ಸ್ಪಿರಿಟ್ಟಿನ ಶೀಶೆಗೆ ಹಾಕಿ, ಪೆನ್ಸಿಲಲ್ಲಿ ಚೀಟಿ ಬರೆದು ಒಳಗಿಟ್ಟಳು. ಶಾಯಿಯಾದರೆ ಕರಗುತ್ತದೆ. ಊರು, ಅಕ್ಷಾಂಶ, ರೇಖಾಂಶ, ಎತ್ತರ, ತಾರೀಖು, "ದಿಮ್ಮಿಯಡಿ". ಈ ಚೀಟಿ ತಪ್ಪಿದರೆ ಹುಳಕ್ಕೆ ಬೆಲೆಯಿಲ್ಲವಂತೆ.

"ನಮ್ಮೂರ ಹೆಸರ ಇಡಬೌದಾ?" ಅಂದರು ಯಜಮಾನರು. ಹೊಸ ಜಾತಿಯಾದರೆ ಯಾಕಾಗದು? ಬಿಳಿಗಿರಿರಂಗನ ಬೆಟ್ಟದ ಒಂದು ಪುಟ್ಟ ಕಣಜಕ್ಕೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2022ರಲ್ಲಿ ಅಲ್ಲಿನ ಸೋಲಿಗ ಬುಡಕಟ್ಟಿನವರ ಹೆಸರೇ ಇಟ್ಟು, ‘ಸೋಲಿಗ ಎಕ್ಯಾರಿನೇಟಾ’ ಅಂತ ಕರೆದರಲ್ಲ. ಆದರೆ ಅದಕ್ಕೆ ಮೊದಲು ಹಳೇ ಕಡತ ತಿರುವಬೇಕು. ವಿಯೆನ್ನಾದ ಕಾರ್ಲ್ ಅಟೆಮ್ಸ್ 1936ರಲ್ಲೇ ಭಾರತದ ಸಹಸ್ರಪದಿಗಳ ಮೇಲೆ ದೊಡ್ಡ ಗ್ರಂಥ ಬರೆದಿದ್ದಾರೆ. ಅಂಥವರು ಆಗಲೇ ಹೆಸರಿಟ್ಟಿದ್ದರೆ ನಮ್ಮದು ನಡೆಯುವುದಿಲ್ಲ.

ಆಮೇಲೆ ತಜ್ಞರಿಂದ ಬಂದ ಉತ್ತರ ಅರ್ಧ: ಕುಟುಂಬ ಪೈರ್ಗೋಡೆಸ್ಮಿಡೇ, ಅದರಲ್ಲಿ ಅನುಮಾನವಿಲ್ಲ, ಜಾತಿ ಹೇಳಲು ಹಳೇ ಮಾದರಿಗಳ ಜೊತೆ ಹೋಲಿಸಬೇಕು. ಚುಕ್ಕೆಯಂತೂ ನಕ್ಷೆಗೆ ಬಿತ್ತು. ಆ ಇಬ್ಬರು ಹುಡುಗರಿಗೆ ಹುಚ್ಚು ಹತ್ತಿ, ಮುಂದಿನ ಮಳೆಗೆ ಕೌದಳ್ಳಿ ದಾರಿಯ ತೋಪು, ಒಡೆಯರಪಾಳ್ಯದ ಬದು ಎಲ್ಲ ಜರಡಿ ಹಿಡಿದರು. ಬಹಳ ಕಡೆ ಸಿಗಲಿಲ್ಲ. ಅದನ್ನೂ ಊರಿನ ಹೆಸರು, ತಾರೀಖು, ಎಷ್ಟು ಹೊತ್ತು ಹುಡುಕಿದೆವು ಅನ್ನುವುದರ ಸಮೇತ ಬರೆದಿಡಿ ಅಂತ ಅವಳು ಫೋನಿನಲ್ಲಿ ಹೇಳಿದಳು. ಹುಡುಕಿಯೂ ಸಿಗದ ಜಾಗಕ್ಕೆ ನಕ್ಷೆಯಲ್ಲಿ ಈಗ ಒಂದು ಸೊನ್ನೆ ಹಾಕುತ್ತಾರೆ. ಯಾರೂ ಹೋಗದ ಜಾಗವನ್ನು ಮಾತ್ರ ಬಿಳೀ ಬಿಡುತ್ತಾರೆ.