ಕೆನೆ ಕದಡಲಿಲ್ಲ

ಊಟ ಮುಗಿದು ಮನೆಯೆಲ್ಲ ಮಲಗಿದ ಮೇಲೆ ನನ್ನ ವಿಮಾನ ಏಳುತ್ತದೆ. ಮೇಜಿನ ಮೇಲೆ ಕಂಪ್ಯೂಟರ್ ಪರದೆ, ಜಾಯ್‌ಸ್ಟಿಕ್, ಕಾಲಡಿ ರಡ್ಡರ್ ಪೆಡಲ್, ಪಕ್ಕದಲ್ಲಿ ಸ್ಟೀಲ್ ಲೋಟದ ತುಂಬ ಕಾಫಿ. ಸೆಸ್ನಾ 172 ಹತ್ತಿ ಮಂಗಳೂರಿನ ಬಜ್ಪೆಯಲ್ಲಿ ಇಳಿಯುವುದೆಂದರೆ ಎಷ್ಟು ಸಲವಾದರೂ ನನಗೆ ಸಾಲದು. ಗುಡ್ಡದ ನೆತ್ತಿ ಸಮ ಮಾಡಿ ಹಾಸಿದ 2,450 ಮೀಟರ್ ರನ್‌ವೇ ಅದು. ಬದಿಯ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಹಾದಿ ಸರಿ. ನಾಲ್ಕೂ ಕೆಂಪಾದರೆ ಗುಡ್ಡ ಕಾದಿದೆ ಎಂದೇ ಅರ್ಥ.

ಅಕ್ಕನ ಮಗ ಪೈಲಟ್ ತರಬೇತಿಗೆ ಸೇರಿದಾಗ ನನಗೆ ಗುರುವಿನ ಗತ್ತು ಬಂತು. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆಗಳಲ್ಲಿ ನನ್ನ ಮೇಜಿನ ಒಂದು ನಿಮಿಷವೂ ಲೆಕ್ಕಕ್ಕಿಲ್ಲ, ನಿಜ. ಆದರೆ ಅವನು ಚೆಕ್‌ಲಿಸ್ಟ್ ಬಾಯಿಪಾಠ ಮಾಡಿದ್ದು, ಮೋಡದೊಳಗೆ ಎದುರಿನ ಫಲಕದ ಆರು ಮೀಟರುಗಳ ಮೇಲೆ ಕಣ್ಣಾಡಿಸಲು ಕಲಿತದ್ದು ಇಲ್ಲೇ. ನೆಲದಿಂದ 500 ಅಡಿಯಲ್ಲಿದ್ದಾಗ ನಾನು ಕದ್ದು ಎಂಜಿನ್ ಆರಿಸುತ್ತಿದ್ದೆ. ಮೊದಮೊದಲು ಅವನು ನನ್ನನ್ನು ಬೈದು ಆಮೇಲೆ ವಿಮಾನದ ಮೂಗು ತಗ್ಗಿಸುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಮೂಗು ತಗ್ಗಿಸಿ ಆಮೇಲೆ ಬೈಯತೊಡಗಿದ. ನನ್ನ ಮೇಜು ಕಲಿಸುವುದು ಇಷ್ಟನ್ನೇ.

ಕಳೆದ ರಜೆಯಲ್ಲಿ ಬಂದವನು ನನ್ನ ಬೆನ್ನ ಹಿಂದೆ ನಿಂತು ನೋಡಿದ. "ಮಾವ, ನೀವು ಹೊರಗೆ ನೋಡೋದೇ ಇಲ್ವಲ್ಲ! ಇದೇ ಚಟಕ್ಕೆ ನಂಗಲ್ಲಿ ದಿನಾ ಬೈಗುಳ." ಜಾಯ್‌ಸ್ಟಿಕ್ ಅಲ್ಲಾಡಿಸಿ ನಕ್ಕ. "ನಿಜವಾದ ವಿಮಾನದಲ್ಲಿ ಟ್ರಿಮ್ ಚಕ್ರ ತಿರುಗಿಸ್ತಿದ್ದ ಹಾಗೇ ಕೈ ಮೇಲಿನ ಭಾರ ಇಳಿಯುತ್ತೆ. ಇದರ ಸ್ಪ್ರಿಂಗ್ ಯಾವಾಗ್ಲೂ ನಡುವಿಗೇ ಎಳೀತಿರುತ್ತೆ."

ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಕಟ್ಟಿದ ತರಬೇತಿ ಯಂತ್ರ ನೆನಪಾಯಿತು. ಅವನ ಅಪ್ಪನದು ಆರ್ಗನ್ ಕಾರ್ಖಾನೆ. ಅಲ್ಲಿನ ತಿದಿಗಳೇ ಯಂತ್ರವನ್ನು ವಾಲಿಸಿ ತೂಗುತ್ತಿದ್ದವು. ಮುಚ್ಚಳ ಎಳೆದರೆ ಒಳಗೆ ಕೂತವನಿಗೆ ಆಕಾಶದ ಚೂರೂ ಕಾಣದು. ನನಗೋ ಲೋಕವೆಲ್ಲ ಕಾಣುತ್ತದೆ, ಕುರ್ಚಿ ಮಾತ್ರ ಮಿಸುಕದು.

ಆ ರಾತ್ರಿ ಪರದೆಯ ಮೀಟರುಗಳ ಮೇಲೆ ಹಳೆಯ ಪೇಪರಿನ ತುಂಡು ಅಂಟಿಸಿ ಬಜ್ಪೆಗೆ ಹೊರಟೆ. ವೇಗ 65 ನಾಟ್ ಇರಬಹುದೆಂದು ಎಂಜಿನ್ನಿನ ಸದ್ದಿನಲ್ಲೇ ಅಂದಾಜು ಮಾಡಿದೆ. ಮೊದಲ ಸಲ ಗುಡ್ಡದ ಅಂಚು, ಆಚೆಯ ಹಸಿರು ಎಲ್ಲ ಕಣ್ಣಿಗೆ ಬಿತ್ತು. ವಿಮಾನ ಧೊಪ್ಪನೆ ಬಿತ್ತು, ಎರಡು ಸಲ ಪುಟಿಯಿತು, ಓರೆಯಾಗಿ ನಿಂತಿತು.

ಪಕ್ಕಕ್ಕೆ ನೋಡಿದೆ. ಲೋಟದ ಕಾಫಿಯ ಮೇಲೆ ಕಟ್ಟಿದ್ದ ಕೆನೆ ಹಾಗೆಯೇ ಇತ್ತು.